ಶಿಕಾಗೊ ಏರ್ ಶೋ: ಹೊರಡುವ ಮೊದಲು ವಾಪಸ್ ಬರುವ ದಾರಿ ನೋಡಿ

ಪ್ರತಿ ಆಗಸ್ಟ್‌ನಲ್ಲೂ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ. "ಏರ್ ಶೋಗೆ ಹೋಗ್ತಿದೀವಿ, ಕಾರು ಎಲ್ಲಿ ನಿಲ್ಸೋದು?" ತಪ್ಪು ಶುರುವಾಗುವುದೇ ಅಲ್ಲಿ. ಸಂಜೆ ಅದೇ ಜನ ಮತ್ತೆ ಫೋನ್ ಮಾಡುತ್ತಾರೆ. "ಸದ್ದು ಚೆನ್ನಾಗಿ ಕೇಳಿಸ್ತು, ವಿಮಾನ ಮಾತ್ರ ಕಾಣ್ಲಿಲ್ಲ. ಇನ್ನೂ ಟ್ರಾಫಿಕ್‌ನಲ್ಲೇ ಇದೀವಿ."

ನಾನೇನೂ ಇವರಿಗಿಂತ ಜಾಣನಾಗಿರಲಿಲ್ಲ. ಮೊದಲ ವರ್ಷ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಶಿಕಾಗೊ ಹೊರವಲಯದ ನೇಪರ್‌ವಿಲ್‌ನಿಂದ ಕಾರಿನಲ್ಲಿ ಹೋದೆ. ಅಮೆರಿಕ ನೌಕಾಪಡೆಯ ವಿಮಾನ ಕಸರತ್ತಿನ ತಂಡ ಬ್ಲೂ ಏಂಜಲ್ಸ್ ನೋಡಿದ್ದು ಸರೋವರದ ಪಕ್ಕದ ಹೆದ್ದಾರಿ ಲೇಕ್ ಶೋರ್ ಡ್ರೈವ್ ಮೇಲೆ, ಕಾರಿನ ಸನ್‌ರೂಫ್‌ನಲ್ಲಿ. ಆಮೇಲೆ ಒಂದು ಪಾರ್ಕಿಂಗ್ ಕಟ್ಟಡದೊಳಗೆ ಸಿಕ್ಕಿಹಾಕಿಕೊಂಡೆವು. ಅಲ್ಲಿಂದ ಹೊರಗೆ ಬರುವಷ್ಟರಲ್ಲಿ ತಂದಿದ್ದ ಪುಳಿಯೋಗರೆ ಖಾಲಿ, ಅಪ್ಪನ ತಾಳ್ಮೆಯೂ ಖಾಲಿ.

ಮಿಶಿಗನ್ ಸರೋವರದ ದಡದಲ್ಲಿ ನಡೆಯುವ ಶಿಕಾಗೊ ಏರ್ ಅಂಡ್ ವಾಟರ್ ಶೋಗೆ ಟಿಕೆಟ್ ಇಲ್ಲ, ನೋಂದಣಿ ಇಲ್ಲ. ಹಾಗಾಗಿ "ಸುಮ್ನೆ ಹೋದ್ರಾಯ್ತು" ಅಂದುಕೊಳ್ಳುತ್ತೇವೆ. ಟಿಕೆಟ್ ಇದ್ದಿದ್ದರೆ ಯಾವ ಗೇಟು, ಯಾವ ಸೀಟು, ಎಷ್ಟು ಗಂಟೆಗೆ ಎಂದು ಅದೇ ಹೇಳುತ್ತಿತ್ತು. ಇಲ್ಲಿ ಅದೆಲ್ಲ ನಾವೇ ಹೊಂದಿಸಿಕೊಳ್ಳಬೇಕು, ಅದೂ ಒಂದು ಕ್ರಮದಲ್ಲಿ. ಮೊದಲು ದಿನ, ಆಮೇಲೆ ವಾಪಸ್ ಬರುವ ದಾರಿ, ಆಮೇಲೆ ಕೂರುವ ಜಾಗ. ಊಟ, ಚೀಲ, ಕ್ಯಾಮೆರಾ ಎಲ್ಲ ಕೊನೆಗೆ. ಹೆಚ್ಚಿನವರು ಇದನ್ನು ಪೂರ್ತಿ ಉಲ್ಟಾ ಮಾಡುತ್ತಾರೆ.

ಹಂತ 1: ಯಾವ ದಿನ ಎಂದು ಗೊತ್ತು ಮಾಡಿ

ಶೋ ಆಗಸ್ಟ್‌ನ ಒಂದು ಶನಿವಾರ ಮತ್ತು ಭಾನುವಾರ ನಡೆಯುತ್ತದೆ. 2024ರಲ್ಲಿ 10 ಮತ್ತು 11ನೇ ತಾರೀಕು, 2025ರಲ್ಲಿ 16 ಮತ್ತು 17. ವಾರ ಬದಲಾಗುತ್ತಿರುತ್ತದೆ. ಹೋದ ವರ್ಷದ ತಾರೀಕು ನಂಬಿ ಊರಿಂದ ಬಂದವರನ್ನು ಕರೆದುಕೊಂಡು ಹೊರಡಬೇಡಿ. ನಗರದ ಜಾಲತಾಣದಲ್ಲಿ ಆ ವರ್ಷದ ದಿನ, ಸಮಯ ಎರಡನ್ನೂ ನೋಡಿ. ಈಚಿನ ವರ್ಷಗಳಲ್ಲಿ ಬೆಳಿಗ್ಗೆ ಹತ್ತು, ಹತ್ತೂವರೆಗೆ ಶುರುವಾಗಿ ಮಧ್ಯಾಹ್ನ ಎರಡರ ಆಸುಪಾಸಿಗೆ ಮುಗಿಯುತ್ತಿದೆ. "ಊಟ ಮಾಡ್ಕೊಂಡು ಹೋಗೋಣ" ಎಂದವರಿಗೆ ಸಿಗುವುದು ಎದ್ದು ಹೊರಟ ಜನರ ಬೆನ್ನು ಮಾತ್ರ.

ಮೂರನೆಯ ದಿನವೂ ಒಂದಿದೆ. ಶುಕ್ರವಾರದ ರಿಹರ್ಸಲ್. ಅದೇ ವಿಮಾನಗಳು, ಬಹುಪಾಲು ಅದೇ ಕಸರತ್ತು, ಜನ ಮಾತ್ರ ತುಂಬಾ ಕಮ್ಮಿ. ರಜೆ ಹಾಕಲು ಸಾಧ್ಯವಾದರೆ ನನ್ನ ಮತ ಶುಕ್ರವಾರಕ್ಕೇ. ನಡುನಡುವೆ ವಿಮಾನ ಬಾರದೆ ಆಕಾಶ ಖಾಲಿ ಇರುತ್ತದೆ, ಅಷ್ಟೇ.

ಶನಿವಾರವೋ ಭಾನುವಾರವೋ ಎನ್ನುವುದನ್ನು ಮೋಡ ನೋಡಿ ನಿರ್ಧರಿಸಿ. ಬ್ಲೂ ಏಂಜಲ್ಸ್ ತಂಡ ಪೂರ್ತಿ ಪ್ರದರ್ಶನ ಕೊಡಬೇಕಾದರೆ ಮೋಡ ಕನಿಷ್ಠ 8,000 ಅಡಿ ಮೇಲಿರಬೇಕು. ಅದಕ್ಕಿಂತ ಕೆಳಗಿದ್ದರೆ ನೇರವಾಗಿ ಮೇಲೇರುವ ಸುತ್ತುಗಳನ್ನು ಬಿಟ್ಟು ಅಡ್ಡಡ್ಡ ಹಾರುತ್ತಾರೆ. 1,500 ಅಡಿಗಿಂತ ಕೆಳಗಿಳಿದರೆ ಹಾರುವುದೇ ಇಲ್ಲ. ಫೋನಿನಲ್ಲಿ "ಮಳೆ ಇಲ್ಲ" ಎಂದು ಕಂಡರೆ ಸಾಲದು. ಸರೋವರದ ಕಡೆಯಿಂದ, ಅಂದರೆ ಈಶಾನ್ಯದಿಂದ ಗಾಳಿ ಬೀಸುತ್ತಿದ್ದರೆ ದಡದ ಮೇಲೆ ಕೆಳಮೋಡ ಕವಿಯಬಹುದು. ನೇಪರ್‌ವಿಲ್‌ನಲ್ಲಿ ಚುರುಚುರು ಬಿಸಿಲಿರುವಾಗಲೇ ಅಲ್ಲಿ ಬೂದು ಕಂಬಳಿ ಹೊದ್ದಂತೆ ಇರುತ್ತದೆ. ಹೊರಡುವ ಮೊದಲು ದಡದ ಒಂದು ಲೈವ್ ಕ್ಯಾಮೆರಾ ನೋಡಿಕೊಳ್ಳಿ.

ಇನ್ನೊಂದು: ಆ ದಿನ ಕಬ್ಸ್ ಬೇಸ್‌ಬಾಲ್ ತಂಡದ ಆಟ ರಿಗ್ಲಿ ಫೀಲ್ಡ್‌ನಲ್ಲಿದೆಯೇ? ಇದ್ದರೆ ನಗರದ ರೆಡ್ ಲೈನ್ ರೈಲಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಬ್ರೌನ್ ಲೈನ್ ಹಿಡಿಯಿರಿ.

ಹಂತ 2: ವಾಪಸ್ ಬರುವ ದಾರಿ

ಬೆಳಿಗ್ಗೆ ಜನ ಮೂರು ಗಂಟೆಯ ಅವಧಿಯಲ್ಲಿ ಒಬ್ಬೊಬ್ಬರಾಗಿ ಬರುತ್ತಾರೆ. ಮಧ್ಯಾಹ್ನ ಎಲ್ಲರೂ ಹತ್ತು ನಿಮಿಷದಲ್ಲಿ ಏಳುತ್ತಾರೆ. ಕಷ್ಟ ಇರುವುದು ಇಲ್ಲಿ. ಅಲ್ಲಿಗೆ ಹೋಗುವ ದಾರಿ ಹೇಗಾದರೂ ಆಗುತ್ತದೆ, ವಾಪಸ್ ಬರುವ ದಾರಿಯನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಬೇಕು.

ಕಾರನ್ನು ಮರೆತುಬಿಡಿ. ಬೇಕೇ ಬೇಕೆಂದರೆ ನಿಮ್ಮ ಊರಿನ ಮೆಟ್ರಾ (ಉಪನಗರ ರೈಲು) ಸ್ಟೇಷನ್‌ವರೆಗೆ ಮಾತ್ರ. ಅರೋರಾ, ನೇಪರ್‌ವಿಲ್ ಕಡೆಯವರು ಬಿಎನ್‌ಎಸ್‌ಎಫ್ ಮಾರ್ಗದಲ್ಲಿ ಯೂನಿಯನ್ ಸ್ಟೇಷನ್‌ಗೆ ಬನ್ನಿ. ಶಾಂಬರ್ಗ್‌ನವರಿಗೆ ಮಿಲ್ವಾಕಿ ವೆಸ್ಟ್ ಮಾರ್ಗ, ಅದೂ ಯೂನಿಯನ್ ಸ್ಟೇಷನ್‌ಗೇ. ಪ್ಯಾಲಟೈನ್, ಆರ್ಲಿಂಗ್ಟನ್ ಹೈಟ್ಸ್ ಕಡೆಯವರು ಒಗಿಲ್ವಿ ಸ್ಟೇಷನ್‌ನಲ್ಲಿ ಇಳಿಯುತ್ತೀರಿ. ಮೆಟ್ರಾ ಬೇಡವೆಂದರೆ ರೋಸ್‌ಮಾಂಟ್‌ನಲ್ಲಿ ಕಾರು ಬಿಟ್ಟು ಬ್ಲೂ ಲೈನ್ ಹತ್ತಿ. ಕ್ಲಾರ್ಕ್-ಲೇಕ್‌ನಲ್ಲಿ ಇಳಿದು ಅಲ್ಲೇ ಬ್ರೌನ್ ಲೈನ್‌ಗೆ ಬದಲಾಯಿಸಿ.

ಯೂನಿಯನ್ ಸ್ಟೇಷನ್‌ನಿಂದ ಮುಂದೆ ಎರಡು ದಾರಿ. 151 ನಂಬರಿನ ಬಸ್ಸು ಅಲ್ಲಿಂದಲೇ ಹೊರಟು ಮಿಶಿಗನ್ ಅವೆನ್ಯೂ ಮೇಲೆ ಉತ್ತರಕ್ಕೆ, ಲಿಂಕನ್ ಪಾರ್ಕ್ ಕಡೆಗೆ ಹೋಗುತ್ತದೆ. ಬೆಳಿಗ್ಗೆ ಬೇಗ ಇದು ಚೆನ್ನಾಗಿದೆ. ವಾಪಸ್ ಬರುವಾಗ ಮಾತ್ರ ಇದನ್ನು ನಂಬಬೇಡಿ, ಬಸ್ಸೂ ಕಾರುಗಳ ನಡುವೆಯೇ ನಿಂತಿರುತ್ತದೆ. ಇನ್ನೊಂದು ದಾರಿ, ಕ್ವಿನ್ಸಿ ಸ್ಟೇಷನ್‌ಗೆ ನಡೆದು ಬ್ರೌನ್ ಲೈನ್ ಹತ್ತುವುದು. ಅದು ನಗರದ ನಡುಭಾಗವಾದ ಲೂಪ್ ಸುತ್ತಿ ಉತ್ತರಕ್ಕೆ ತಿರುಗುತ್ತದೆ. ಸೆಡ್ಜ್‌ವಿಕ್‌ನಲ್ಲಿ ಇಳಿದರೆ ನಾರ್ತ್ ಅವೆನ್ಯೂ ಪಕ್ಕದಲ್ಲೇ ಇರುತ್ತೀರಿ, ಶೋ ನಡೆಯುವ ನಾರ್ತ್ ಅವೆನ್ಯೂ ಬೀಚಿಗೆ ಇಪ್ಪತ್ತು ನಿಮಿಷದ ನಡಿಗೆ. ರೆಡ್ ಲೈನ್‌ನವರು ಕ್ಲಾರ್ಕ್-ಡಿವಿಜನ್‌ನಲ್ಲಿ ಇಳಿದರೆ ಸುಮಾರು ಒಂದು ಮೈಲಿ.

ಈಗ ಕಾಗದ ತೆಗೆದುಕೊಂಡು ಎರಡು ವಾಪಸ್ ರೈಲಿನ ಸಮಯ ಬರೆದುಕೊಳ್ಳಿ. ಹಿಡಿಯಬೇಕಾದದ್ದು ಒಂದು, ಅದು ತಪ್ಪಿದರೆ ಇನ್ನೊಂದು. ವಾರಾಂತ್ಯದಲ್ಲಿ ಮೆಟ್ರಾ ರೈಲುಗಳ ನಡುವಿನ ಅಂತರ ಜಾಸ್ತಿ. ಎರಡು ನಿಮಿಷ ತಡವಾದರೆ ಒಂದು ಗಂಟೆಯೋ ಅದಕ್ಕೂ ಹೆಚ್ಚೋ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ಹೋಗಿ ಬರಲು ಇಡೀ ದಿನ ನಡೆಯುವ ಟಿಕೆಟನ್ನು ರೈಲು ಟಿಕೆಟ್ಟಿನ ವೆಂಟ್ರಾ ಆ್ಯಪ್‌ನಲ್ಲಿ ಬೆಳಿಗ್ಗೆಯೇ ಕೊಂಡಿಡಿ. ದಡದ ಮೇಲೆ ಲಕ್ಷಾಂತರ ಫೋನುಗಳು ಒಟ್ಟಿಗೆ ವಿಡಿಯೊ ಕಳಿಸುತ್ತಿರುತ್ತವೆ. ನೆಟ್‌ವರ್ಕ್ ಇದ್ದರೂ ಇಲ್ಲದಂತೆಯೇ.

ಹಂತ 3: ಎಲ್ಲಿ ಕೂರುವುದು

ಬೆಂಗಳೂರಿನವರು ಎಡವುವುದು ಇಲ್ಲಿ. ಯಲಹಂಕದ ಏರೋ ಇಂಡಿಯಾ ನೋಡಿ ಬೆಳೆದವರಿಗೆ ಏರ್ ಶೋ ಎಂದರೆ ರನ್‌ವೇ. ವಿಮಾನ ಕಣ್ಣೆದುರೇ ಓಡಿ ಏಳುತ್ತದೆ, ಅಲ್ಲೇ ಇಳಿಯುತ್ತದೆ, ನಿಂತಾಗ ಹತ್ತಿರ ಹೋಗಿ ನೋಡಬಹುದು. ಶಿಕಾಗೊದಲ್ಲಿ ಅದ್ಯಾವುದೂ ಇಲ್ಲ. ವಿಮಾನಗಳು ಏಳುವುದು ಇಂಡಿಯಾನಾದ ಗ್ಯಾರಿ ವಿಮಾನ ನಿಲ್ದಾಣದಿಂದ, ದಡದಿಂದ ಸುಮಾರು 25 ಮೈಲಿ ದೂರ. ಅವು ನೀರಿನ ಮೇಲೆ ದಡಕ್ಕೆ ಸಮನಾಗಿ ಒಂದು ಗೆರೆ ಹಿಡಿದು ಹಾರುತ್ತವೆ. ಆ ಗೆರೆಯ ನಡುಭಾಗ ನಾರ್ತ್ ಅವೆನ್ಯೂ ಬೀಚಿನ ಎದುರಿಗೆ. ಎಲ್ಲ ಕಸರತ್ತೂ ಆ ನಡುಬಿಂದುವನ್ನು ಲೆಕ್ಕವಿಟ್ಟು ಹೆಣೆದದ್ದು. ಎರಡು ವಿಮಾನ ಎದುರುಬದುರು ಬಂದು ಸರಕ್ಕನೆ ಪಕ್ಕಕ್ಕೆ ಸರಿಯುತ್ತವಲ್ಲ, ಅದು ಸರಿಯಾಗಿ ಕಾಣುವುದು ಆ ಬಿಂದುವಿನ ಎದುರಿಗೆ ಕೂತವರಿಗೆ. ಪಕ್ಕದಿಂದ ನೋಡಿದವರಿಗೆ ಒಂದು ವಿಮಾನ ಬಂತು, ಇನ್ನೊಂದು ಹೋಯಿತು ಅಷ್ಟೇ.

ಹಾಗೆಂದು ಎಲ್ಲರೂ ನಾರ್ತ್ ಅವೆನ್ಯೂ ಬೀಚಿಗೇ ನುಗ್ಗಬೇಕಿಲ್ಲ. ನಾನು ಜಾಗವನ್ನು ಹೀಗೆ ಹಂಚುತ್ತೇನೆ.

ಏಳೆಂಟು ವರ್ಷದ ಮಕ್ಕಳಿದ್ದರೆ ನಾರ್ತ್ ಅವೆನ್ಯೂ ಬೀಚ್. ಮರಳಿದೆ, ಮಕ್ಕಳು ಅಗೆಯುತ್ತಾ ಕೂರುತ್ತವೆ. ಧ್ವನಿವರ್ಧಕದಲ್ಲಿ ವಿವರಣೆ ಕೇಳಿಸುತ್ತದೆ. ಅಮೆರಿಕ ಸೇನೆಯ ಗೋಲ್ಡನ್ ನೈಟ್ಸ್ ಪ್ಯಾರಾಚೂಟ್ ತಂಡ ಬಂದರೆ ಇಳಿಯುವುದೂ ಈ ಮರಳಿಗೇ. ಆದರೆ ಒಳಹೋಗುವಾಗ ಚೀಲ ತಪಾಸಣೆ ಇದೆ, ಒಮ್ಮೆ ಕೂತರೆ ಏಳುವುದು ಕಷ್ಟ.

ಅಪ್ಪ ಅಮ್ಮ ಜೊತೆಗಿದ್ದರೆ ಫುಲರ್ಟನ್. ಥಿಯೇಟರ್ ಆನ್ ದ ಲೇಕ್ ಕಟ್ಟಡದ ಸುತ್ತ ಹುಲ್ಲು ಇದೆ, ನೆಲ ಗಟ್ಟಿ, ಕುರ್ಚಿ ಹೂತುಹೋಗುವುದಿಲ್ಲ. ನಡುಬಿಂದುವಿನಿಂದ ಸ್ವಲ್ಪ ಉತ್ತರಕ್ಕಾಯಿತು, ನಿಜ. ವಿಮಾನಗಳು ತಿರುಗಿ ವಾಪಸಾಗುವುದು ಇಲ್ಲಿಂದ ಇನ್ನೂ ಹತ್ತಿರ ಕಾಣುತ್ತದೆ. ಫುಲರ್ಟನ್ ಸ್ಟೇಷನ್‌ನಿಂದ ಒಂದು ಮೈಲಿಗೂ ಸ್ವಲ್ಪ ಜಾಸ್ತಿ ನಡಿಗೆ. ನನ್ನ ಅಮ್ಮ ಎರಡು ಕಡೆ ಕೂತು ಸುಧಾರಿಸಿಕೊಂಡು ನಡೆದರು.

ಓಕ್ ಸ್ಟ್ರೀಟ್‌ನಿಂದ ನಾರ್ತ್ ಅವೆನ್ಯೂವರೆಗೆ ನೀರಿನಂಚಿಗೆ ಉದ್ದಕ್ಕೂ ಕಾಂಕ್ರೀಟ್ ಕಟ್ಟೆ. ಫೋಟೊ ತೆಗೆಯುವವರಿಗೆ, ಜೋಡಿಯಾಗಿ ಬಂದವರಿಗೆ ಒಳ್ಳೆಯದು. ಪುಟ್ಟ ಮಕ್ಕಳಿಗೆ ಖಂಡಿತ ಬೇಡ. ಅಂಚಿಗೆ ಕಂಬಿ ಇಲ್ಲ, ಕೆಳಗೆ ಆಳ ನೀರು, ಒದ್ದೆ ಕಾಂಕ್ರೀಟಿನ ಮೇಲೆ ಪಾಚಿ. ಸೈಕಲ್ ಹೋಗುವ ಪಟ್ಟಿಯ ಮೇಲೆ ಕುರ್ಚಿ ಹಾಕಬೇಡಿ, ಬೈಸಿಕೊಳ್ಳುತ್ತೀರಿ.

ಎಲ್ಲಿ ಕೂರಬಾರದು ಎಂದರೆ ಲೇಕ್ ಶೋರ್ ಡ್ರೈವ್‌ನ ಪಶ್ಚಿಮಕ್ಕೆ, ಪಾರ್ಕಿನ ಮರಗಳ ಕೆಳಗೆ. ನೆರಳು ನೋಡಿ ಖುಷಿಯಾಗಿ ಹಾಸು ಹಾಸುತ್ತಾರೆ. ಎದುರಿಗೆ ಎಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. "ಸದ್ದು ಕೇಳಿಸ್ತು, ವಿಮಾನ ಕಾಣ್ಲಿಲ್ಲ" ಎನ್ನುವವರಲ್ಲಿ ಅರ್ಧ ಜನ ಇಲ್ಲಿ ಕೂತವರೇ.

ಹಂತ 4: ಚೀಲ

ತರಬೇಕಾದದ್ದು ಕಮ್ಮಿ. ಎಲ್ಲವನ್ನೂ ಒಂದು ಮೈಲಿ ಹೊತ್ತು ನಡೆಯುವವರು ನೀವೇ ಎಂದು ನೆನಪಿಡಿ.

ನೀರು ಒಬ್ಬರಿಗೆ ಒಂದೂವರೆ ಲೀಟರ್. ಅರ್ಧದಷ್ಟು ಬಾಟಲಿಗಳನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಅವೇ ಊಟ ತಣ್ಣಗಿಡುತ್ತವೆ, ಮಧ್ಯಾಹ್ನ ಕುಡಿಯಲು ಸಿಗುತ್ತವೆ. ಗಾಜಿನ ಬಾಟಲಿ ಬೇಡ.

ಊಟಕ್ಕೆ ಪುಳಿಯೋಗರೆ, ಚಪಾತಿ ರೋಲ್, ಸೌತೆಕಾಯಿ. ಮೊಸರನ್ನ ತರುವುದಾದರೆ ಮಂಜುಗಡ್ಡೆ ಬಾಟಲಿಯ ನಡುವೆ ಇಟ್ಟು ತನ್ನಿ, ಇಲ್ಲದಿದ್ದರೆ ಹನ್ನೆರಡಕ್ಕೆಲ್ಲ ಹುಳಿ. ಡಬ್ಬಿಗೆ ಗಟ್ಟಿ ಮುಚ್ಚಳ ಇರಲಿ. ಇಲ್ಲಿನ ಕಡಲಹಕ್ಕಿಗಳಿಗೆ ಭಯವೇ ಇಲ್ಲ. ನಮ್ಮ ಪಕ್ಕದವರ ಕೈಯಿಂದ ಒಂದು ಹಕ್ಕಿ ಇಡೀ ಸಮೋಸ ಎತ್ತಿಕೊಂಡು ಹೋದದ್ದು ನಾನೇ ನೋಡಿದ್ದೇನೆ.

ಮಕ್ಕಳ ಕಿವಿಗೆ ಮುಚ್ಚುವಂಥ ಇಯರ್ ಮಫ್. ಇದನ್ನು ಮಾತ್ರ ಮರೆಯಬೇಡಿ. ಹತ್ತಿ ತುರುಕಿದರೆ ಏನೂ ಪ್ರಯೋಜನವಿಲ್ಲ. ಮನೆಯಲ್ಲಿ ಎರಡು ದಿನ ಹಾಕಿ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಸದ್ದು ಬಂದಾಗ ಮಗು ಮೊದಲು ಅದನ್ನೇ ಕಿತ್ತೆಸೆಯುತ್ತದೆ.

ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ಮಡಚುವ ತಗ್ಗು ಕುರ್ಚಿ, ಒಂದು ತೆಳು ಜಾಕೆಟ್. ಆಗಸ್ಟ್‌ನಲ್ಲಿ ಜಾಕೆಟ್ಟಾ ಎನ್ನಬೇಡಿ, ನೀರಿನ ಕಡೆ ಗಾಳಿ ತಿರುಗಿದರೆ ಗೊತ್ತಾಗುತ್ತದೆ. ಬೈನಾಕ್ಯುಲರ್ 8 ಪಟ್ಟು ಸಾಕು, ಹೆಚ್ಚಾದಷ್ಟೂ ಓಡುವ ವಿಮಾನ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ. ಮದ್ಯ, ಒಲೆ, ಟೆಂಟು, ಡ್ರೋನು, ನಾಯಿ ಇವೆಲ್ಲ ಮನೆಯಲ್ಲೇ ಇರಲಿ.

ಹಂತ 5: ಬೆಳಿಗ್ಗೆ ತಲುಪಿ ಕೂರುವುದು

ಬೀಚು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ನಾರ್ತ್ ಅವೆನ್ಯೂಗೆ ಎಂಟೂವರೆಯೊಳಗೆ, ಫುಲರ್ಟನ್‌ಗೆ ಒಂಬತ್ತೂವರೆಯೊಳಗೆ ಕೂತಿರಬೇಕು. ಲೇಕ್ ಶೋರ್ ಡ್ರೈವ್ ದಾಟಲು ನಾರ್ತ್ ಅವೆನ್ಯೂ ಬಳಿ ಮೇಲ್ಸೇತುವೆ ಇದೆ, ಓಕ್ ಮತ್ತು ಡಿವಿಜನ್ ಬಳಿ ಸುರಂಗ ದಾರಿ. ಮೇಲ್ಸೇತುವೆಯ ಮೇಲೆ ನಿಂತು ಫೋಟೊ ತೆಗೆಯುವವರಿಂದ ದಾರಿ ಕಟ್ಟುತ್ತದೆ. ವಾಪಸ್ ಬರುವಾಗ ಸುರಂಗವೇ ವಾಸಿ.

ಕೂತ ಕೂಡಲೇ ಮಾಡಬೇಕಾದ ಮೂರು ಕೆಲಸ. ಮಕ್ಕಳ ತೋಳಿನ ಮೇಲೆ ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ಎಲ್ಲರಿಗೂ ಕೈ ಮಾಡಿ ತೋರಿಸಿ. ನಾರ್ತ್ ಅವೆನ್ಯೂ ಬೀಚಿನಲ್ಲಿ ಹಡಗಿನ ಆಕಾರದ ಕಟ್ಟಡ ಇದೆ, ಚಿಕ್ಕ ಮಕ್ಕಳಿಗೂ ಗುರುತು ಸಿಗುತ್ತದೆ. ಮೂರನೆಯದು, ಶೌಚಾಲಯಕ್ಕೆ ಈಗಲೇ ಹೋಗಿ ಬನ್ನಿ. ಹನ್ನೊಂದರ ಮೇಲೆ ಸಾಲು ನೋಡಿದರೆ ತಿರುಪತಿ ನೆನಪಾಗುತ್ತದೆ.

ಬಿಸಿಲಿನ ದಿಕ್ಕು ತಿಳಿದಿರಲಿ. ಸರೋವರ ಇರುವುದು ಪೂರ್ವಕ್ಕೆ. ಅಂದರೆ ಬೆಳಿಗ್ಗೆ ಪೂರ್ತಿ ಸೂರ್ಯ ನಿಮ್ಮ ಮುಖಕ್ಕೆ, ವಿಮಾನಗಳು ಬರೀ ಕಪ್ಪು ನೆರಳು. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಒಂದು ಗಂಟೆಯ ಸುಮಾರಿಗೆ. ಆಮೇಲೆ ಬೆಳಕು ನಿಮ್ಮ ಬೆನ್ನ ಕಡೆಗೆ ಜಾರುತ್ತದೆ, ವಿಮಾನಗಳ ಬಣ್ಣ ಕಾಣತೊಡಗುತ್ತದೆ. ಬ್ಲೂ ಏಂಜಲ್ಸ್ ಆಗಲಿ ವಾಯುಪಡೆಯ ಥಂಡರ್‌ಬರ್ಡ್ಸ್ ಆಗಲಿ, ಆ ವರ್ಷದ ದೊಡ್ಡ ತಂಡ ಸಾಮಾನ್ಯವಾಗಿ ಬರುವುದು ಕೊನೆಯಲ್ಲೇ. ಫೋನಿನ ಬ್ಯಾಟರಿ ಅದಕ್ಕೆ ಉಳಿಸಿಕೊಳ್ಳಿ.

ಹಂತ 6: ನೋಡುವುದು

ಸದ್ದು ಬಂದ ಕಡೆ ನೋಡಿದರೆ ವಿಮಾನ ಸಿಗುವುದಿಲ್ಲ. ಯುದ್ಧವಿಮಾನಗಳು ಜನರಿಂದ ಕನಿಷ್ಠ 1,500 ಅಡಿ, ಅಂದರೆ ಸುಮಾರು 450 ಮೀಟರ್ ದೂರದಲ್ಲಿ ಹಾರಬೇಕು ಎಂಬ ನಿಯಮವಿದೆ. ಅಲ್ಲಿಂದ ಸದ್ದು ನಿಮ್ಮ ಕಿವಿಗೆ ಬರಲು ಒಂದು ಸೆಕೆಂಡಿಗೂ ಜಾಸ್ತಿ ಬೇಕು. ಗಂಟೆಗೆ 800 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ 300 ಮೀಟರ್ ಮುಂದೆ ಹೋಗಿರುತ್ತದೆ. ಸದ್ದಿಗಿಂತ ಮುಂದಕ್ಕೆ ಕಣ್ಣು ಹಾಯಿಸಿ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಟ್ಟರೆ ಅವು ನಿಮಗಿಂತ ಬೇಗ ಹಿಡಿಯುತ್ತವೆ.

ದೊಡ್ಡ ತಂಡದ ಆರು ವಿಮಾನಗಳಲ್ಲಿ ನಾಲ್ಕು ಒಟ್ಟಾಗಿ ಎದುರಿಗೆ ಚಂದವಾಗಿ ಹಾರುತ್ತಿವೆ, ಉಳಿದ ಎರಡು ಎಲ್ಲೂ ಕಾಣುತ್ತಿಲ್ಲ ಎಂದರೆ ಹುಷಾರು. ಅವುಗಳಲ್ಲಿ ಒಂದು ನೀವು ನೋಡದ ಕಡೆಯಿಂದ, ಶಬ್ದದ ವೇಗಕ್ಕಿಂತ ಸ್ವಲ್ಪವೇ ಕಮ್ಮಿ ವೇಗದಲ್ಲಿ ಬರುತ್ತಿದೆ. ವಿಮಾನ ದಾಟಿದ ಮೇಲೇ ಸದ್ದು ಬರುತ್ತದೆ. ಇಯರ್ ಮಫ್ ಹಾಕಿಸಲು ಅದೇ ಗಳಿಗೆ. ಹೃದಯದ ತೊಂದರೆ ಇರುವ ಹಿರಿಯರಿಗೂ ಮೊದಲೇ ಹೇಳಿಡಿ. ನನ್ನ ಅಪ್ಪ ಕುರ್ಚಿಯಿಂದ ಅರ್ಧ ಎದ್ದು, "ಏನೋ ಇದು!" ಎಂದರು. ಆಮೇಲೆ ಪೂರ್ತಿ ಶೋ ಮುಗಿಯುವವರೆಗೆ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು.

ಫೋನಿನಲ್ಲಿ ಜೂಮ್ ಮಾಡಿ ಚುಕ್ಕೆ ತೆಗೆಯಬೇಡಿ. ದಕ್ಷಿಣಕ್ಕೆ ತಿರುಗಿ, ಹ್ಯಾನ್‌ಕಾಕ್ ಕಟ್ಟಡ ಚೌಕಟ್ಟಿನಲ್ಲಿ ಇರಲಿ, ವಿಮಾನ ಅದರ ಪಕ್ಕ ಬರುವವರೆಗೆ ಕಾಯಿರಿ. ಕ್ಯಾಮೆರಾದವರು ಜೆಟ್‌ಗೆ ಶಟರ್ ವೇಗ 1/1000ಕ್ಕಿಂತ ಹೆಚ್ಚು ಇಡಿ. ಪ್ರೊಪೆಲ್ಲರ್ ವಿಮಾನಕ್ಕೆ 1/250ಕ್ಕೆ ಇಳಿಸಿ, ಇಲ್ಲದಿದ್ದರೆ ಪ್ರೊಪೆಲ್ಲರ್ ನಿಂತುಹೋದ ಫ್ಯಾನಿನಂತೆ ಕಾಣುತ್ತದೆ.

ಹಂತ 7: ಅಪಾಯದ ಗುರುತುಗಳು

ಗಾಳಿ ತಂಪಾಗಿರುವುದರಿಂದ ಬಿಸಿಲು ತಟ್ಟಿದ್ದು ಗೊತ್ತೇ ಆಗುವುದಿಲ್ಲ. ತಲೆ ಸುತ್ತು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು, ಮುಖ ಬಿಳಚಿ ಜೋರು ಬೆವರು ಕಂಡರೆ ಶೋ ಮುಗಿಯಲಿ ಎಂದು ಕಾಯಬೇಡಿ. ನೆರಳಿಗೆ ಕರೆದೊಯ್ದು ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಸ್ವಲ್ಪಸ್ವಲ್ಪ ನೀರು ಕುಡಿಸಿ. ಮಾತು ತಡವರಿಸಿದರೆ, ಗೊಂದಲವಾದರೆ, ಮೈ ಕೆಂಡದಂತೆ ಬಿಸಿಯಾದರೆ ಅದು ಹೀಟ್ ಸ್ಟ್ರೋಕ್. ತಕ್ಷಣ 911. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ಇದು ಬೇಗ ಆಗುತ್ತದೆ. "ಶೌಚಾಲಯ ದೂರ" ಎಂದು ಅವರು ನೀರೇ ಕುಡಿಯುವುದಿಲ್ಲ ಬೇರೆ. ಗಂಟೆಗೊಮ್ಮೆ ಕೈಗೆ ಬಾಟಲಿ ಕೊಟ್ಟು ಎದುರಿಗೆ ನಿಂತು ಕುಡಿಸಿ.

ಗುಡುಗನ್ನು ಜೆಟ್ ಎಂದುಕೊಳ್ಳಬೇಡಿ. ಪಶ್ಚಿಮದಲ್ಲಿ, ಅಂದರೆ ನಿಮ್ಮ ಬೆನ್ನ ಹಿಂದೆ ಕಟ್ಟಡಗಳ ಮೇಲೆ ಕಪ್ಪು ಮೋಡ ಏಳುವುದು ದಡದಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ಆಗಾಗ ತಿರುಗಿ ನೋಡಿ. ಗುಡುಗು ಕೇಳಿದರೆ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಮರದ ಕೆಳಗೆ ನಿಲ್ಲಬೇಡಿ.

ಹಂತ 8: ಎದ್ದು ಬರುವುದು

ಕೊನೆಯ ವಿಮಾನ ಹೋದ ತಕ್ಷಣ ಏಳಬೇಡಿ. ಊಟದ ಡಬ್ಬಿ ತೆರೆಯುವ ಹೊತ್ತು ಅದು. ಉಳಿದವರು ಮೇಲ್ಸೇತುವೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತಿರುವಾಗ ನೀವು ನಿಧಾನಕ್ಕೆ ಪುಳಿಯೋಗರೆ ತಿನ್ನಿ. ಮುಕ್ಕಾಲು ಗಂಟೆಯಲ್ಲಿ ದಡ ಅರ್ಧ ಖಾಲಿಯಾಗುತ್ತದೆ. ಮಕ್ಕಳಿಗೆ ಇನ್ನೂ ಉತ್ಸಾಹ ಇದ್ದರೆ ಪಕ್ಕದಲ್ಲೇ ಲಿಂಕನ್ ಪಾರ್ಕ್ ಮೃಗಾಲಯ, ಅದಕ್ಕೂ ಟಿಕೆಟ್ ಇಲ್ಲ.

ಸೆಡ್ಜ್‌ವಿಕ್, ಕ್ಲಾರ್ಕ್-ಡಿವಿಜನ್ ಎರಡರಲ್ಲೂ ಜನ ಮೆಟ್ಟಿಲವರೆಗೆ ನಿಂತಿದ್ದರೆ ದಡದ ದಾರಿಯಲ್ಲೇ ದಕ್ಷಿಣಕ್ಕೆ ಓಕ್ ಸ್ಟ್ರೀಟ್‌ವರೆಗೆ ನಡೆದು, ಸುರಂಗದಲ್ಲಿ ದಾಟಿ, ಶಿಕಾಗೊ ಅವೆನ್ಯೂದ ರೆಡ್ ಲೈನ್ ಸ್ಟೇಷನ್‌ಗೆ ಹೋಗಿ. ದೂರ ಸ್ವಲ್ಪ ಜಾಸ್ತಿ, ನಿಲ್ಲುವ ಹೊತ್ತು ಕಮ್ಮಿ. ಬೆಳಿಗ್ಗೆ ಬರೆದಿಟ್ಟ ಕಾಗದದಲ್ಲಿ ಎರಡನೆಯ ರೈಲಿನ ಸಮಯ ನೋಡಿಕೊಳ್ಳಿ. ಹತ್ತಿದ ಮೇಲೆ ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿ, ಅರ್ಧ ದಾರಿಯಲ್ಲೇ ನಿದ್ದೆ ಹೋಗಿರುತ್ತವೆ.